ಹಿಂಬಾಗಿಲಿನ ಬಕೆಟ್

ಬೆಳಗಿನ ನಾಲ್ಕು ಗಂಟೆ. ಜೂನ್ ತಿಂಗಳಾದ್ದರಿಂದ ಅಲಾಸ್ಕಾದ ಕೋಹೋ ಕೋವ್ ಎಂಬ ಕಡಲ ಊರಿನ ಮೇಲೆ ಆಗಲೇ ಬೂದು ಬೆಳಕು ಹರಡಿದೆ. ಹಡಗು ನಿಲ್ಲುವ ಧಕ್ಕೆಯ ಮೇಲಿನ ಬೇಕರಿಯ ಹಿಂಬಾಗಿಲಲ್ಲಿ ಕ್ರೆಸೆನ್ಸಿಯಾ ಡುಮ್ಲಾವೊ ರಬ್ಬರ್ ಬೂಟು ಕಳಚಿಟ್ಟು ಒಳಗಿನ ಚಪ್ಪಲಿ ಮೆಟ್ಟುತ್ತಾರೆ. ಮೊದಲು ಓವನ್ನಿನ ಗುಂಡಿ ನೋಡುತ್ತಾರೆ. ಅದಕ್ಕೆ ಕೆಂಪು ಬಟ್ಟೆ ಕಟ್ಟಿಲ್ಲ. ಆದರೂ ಬಾಗಿಲು ತೆರೆದು, ಸೊಂಟ ಹಿಡಿದುಕೊಂಡು ಬಗ್ಗಿ, ಒಳಗೆಲ್ಲ ಕೈಯಾಡಿಸುತ್ತಾರೆ. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಬೆಂಕಿ ಹಚ್ಚುವುದು. ಮೂವತ್ತೊಂದು ವರ್ಷ ಇಲ್ಲದ ಈ ಅಭ್ಯಾಸ ಕಳೆದ ಫೆಬ್ರವರಿಯಿಂದ ಅಂಟಿಕೊಂಡಿದೆ. ಅಂಟಿಸಿದವರು ಬೇರೆಯವರು.

ಆಮೇಲೆ ಕಪಾಟಿನಿಂದ ಪಿಂಗಾಣಿ ಭರಣಿ ಇಳಿಸುತ್ತಾರೆ. ಒಳಗೆ ಹುಳಿ ಬ್ರೆಡ್ಡಿನ ಹೆಪ್ಪು, ದಿನವೂ ಹಿಟ್ಟು ಕೊಟ್ಟು ಜೀವಂತ ಸಾಕುವ ಹುಳಿಹಿಟ್ಟು. ಮುಚ್ಚಳ ತೆಗೆದರೆ ಮಾಗಿದ ಸೇಬಿನಂಥ ವಾಸನೆ. ಅರ್ಧಕ್ಕಿಂತ ಹೆಚ್ಚು ಹೆಪ್ಪನ್ನು ಬಕೆಟ್ಟಿಗೆ ಸುರಿದು, ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಹಾಕಿ ಮರದ ಸೌಟಿನಲ್ಲಿ ತಿರುವುತ್ತಾರೆ. ಸೌಟಿನ ಹಿಡಿಯಲ್ಲಿ ಅವರ ಹೆಬ್ಬೆರಳಿನ ಗುಳಿ ಬಿದ್ದಿದೆ.

"ತೆಗೀದೆ ಬರೀ ಹಾಕ್ತಾ ಹೋದ್ರೆ ಊರಿನ ಹಿಟ್ಟೆಲ್ಲ ತಂದು ಸುರಿದ್ರೂ ಇದರ ಹೊಟ್ಟೆಗೆ ಸಾಲಲ್ಲ. ಅದಕ್ಕೇ ದಿನಾ ಒಂದಿಷ್ಟು ತೆಗೀಬೇಕು. ತೆಗೆದದ್ದು ಕಸ ಅಲ್ಲ. ನಿನ್ನೆಯ ಹಿಟ್ಟು, ಅಷ್ಟೆ," ಎನ್ನುತ್ತಾರೆ.

ದಿನಕ್ಕೆ ನೂರನಲವತ್ತು ಬ್ರೆಡ್ಡು. ಪ್ರವಾಸಿಗಳ ಹಡಗು ಬರುವ ದಿನ ಇನ್ನೂರು. ತೆಗೆದ ಹೆಪ್ಪು ದಿನಕ್ಕೆ ಎಂಟು ಪೌಂಡು. ಈ ಎಂಟು ಪೌಂಡಿನ ವಿಷಯ ಯಾರೂ ಬರೆದಿಲ್ಲ.

ಊರಿನ ಬಾಯಲ್ಲಿ ಸೆನ್ಸಿಯಾ ಆಗಿರುವ ಇವರು ಇಲ್ಲಿಗೆ ಬಂದಾಗ ಇಪ್ಪತ್ತೆರಡು ವರ್ಷ. ಈಗ ಅರವತ್ತೇಳು. ಅವರ ಅಪ್ಪ ಫಿಲಿಪೀನ್ಸಿನ ಇಲೋಕೋಸ್ ಸೀಮೆಯಿಂದ ಪ್ರತಿ ಬೇಸಿಗೆ ಮೀನಿನ ಡಬ್ಬಿ ಕಾರ್ಖಾನೆಗೆ ಬರುತ್ತಿದ್ದರು, ಕೊನೆಗೆ ಮಗಳನ್ನೂ ಕರೆಸಿಕೊಂಡರು. ಸೆನ್ಸಿಯಾ ಅವರೂ ಹದಿನಾಲ್ಕು ಬೇಸಿಗೆ ಸಾಲ್ಮನ್ ಮೀನಿನ ಹೊಟ್ಟೆ ಸೀಳಿದವರೇ. ಬೆರಳ ಗಂಟುಗಳು ಹಿಡಿದುಕೊಂಡು ಚಾಕು ಜಾರತೊಡಗಿದಾಗ ಕಾರ್ಖಾನೆಯವರು ಮನೆಗೆ ಹೋಗು ಅಂದರು. ಬೇಕರಿ ನಡೆಸುತ್ತಿದ್ದ ನಾರ್ವೆ ಮೂಲದ ಬೋರ್ಗಿಲ್ಡ್ ಅಜ್ಜಿ ಒಳಗೆ ಬಾ ಅಂದರು.

"ಬೆಚ್ಚಗಿನ ಹಿಟ್ಟಲ್ಲಿ ಕೈಯಿಟ್ಟೆ. ನೋವು ಇಳೀತು. ಅಜ್ಜಿ ಕೇಳಿದ್ರು, ಹಿಟ್ಟು ಹೇಗಿದೆ ಅಂತ. ಉಸಿರಾಡ್ತಾ ಇದೆ ಅಂದೆ. ಹಾಗಾದ್ರೆ ನಾಳೆಯಿಂದ ಬಾ ಅಂದ್ರು. ಸಂದರ್ಶನ ಅಷ್ಟೇ ಆಗಿದ್ದು."

ಆ ವರ್ಷದ ಚಳಿಗಾಲದಲ್ಲಿ ಹನ್ನೊಂದು ದಿನ ಕರೆಂಟಿರಲಿಲ್ಲ. ಹನ್ನೊಂದು ರಾತ್ರಿಯೂ ಸೆನ್ಸಿಯಾ ಭರಣಿಯನ್ನು ಕೌದಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದರು. ಗಂಡ ಬದುಕಿದ್ದ ಕಾಲ ಅದು. ಹೆಂಡತಿ ಬೇಕಾದರೆ ಮೊದಲು ಭರಣಿಯ ಅಪ್ಪಣೆ ಕೇಳಬೇಕು ಎಂದು ಅವರು ಧಕ್ಕೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರಂತೆ.

ಬಕೆಟ್ಟಿನ ಪದ್ಧತಿ ಕಲಿಸಿದವರೂ ಬೋರ್ಗಿಲ್ಡ್ ಅಜ್ಜಿಯೇ. ತೆಗೆದ ಹೆಪ್ಪು ಹಿಂಬಾಗಿಲಿನ ಮೆಟ್ಟಿಲ ಮೇಲೆ, ಮುಚ್ಚಿದ ಬಕೆಟ್ಟಿನಲ್ಲಿ. ಬೇಕಾದವರು ಬಂದು ಒಯ್ಯಬೇಕು, ಕೇಳಬೇಕಾಗಿಲ್ಲ. ಅದರಿಂದ ಕಾರ್ಖಾನೆಯ ಕೂಲಿಗಳ ವಸತಿಯಲ್ಲಿ ಆರು ಗಂಟೆಯ ಪಾಳಿಗೆ ಪ್ಯಾನ್‌ಕೇಕ್ ಬೇಯುತ್ತಿತ್ತು. ಶಾಲೆಯ ಅಡುಗೆಮನೆಯವರು ಉಪ್ಪು, ಒಣ ಕಡಲಪಾಚಿ ಉದುರಿಸಿ ತೆಳ್ಳಗೆ ಲಟ್ಟಿಸಿ ಗರಿಗರಿ ಬಿಸ್ಕತ್ತು ಮಾಡುತ್ತಿದ್ದರು. ಶುಕ್ರವಾರ ಚರ್ಚಿನಲ್ಲಿ ಹ್ಯಾಲಿಬಟ್ ಮೀನನ್ನು ಅದರಲ್ಲೇ ಅದ್ದಿ ಕರಿಯುತ್ತಿದ್ದರು. ಹದಿನಾರು ತಾಸು ತಣ್ಣೀರಲ್ಲಿ ನಿಂತು ಮೀನು ಸೀಳುವವನಿಗೆ ಬೆಳಿಗ್ಗೆ ಹೊಟ್ಟೆಗೆ ಬಿಸಿಯಾಗಿ ಏನು ಬೀಳುತ್ತದೆ ಎನ್ನುವುದು ಸಣ್ಣ ಮಾತಲ್ಲ. ನಿಂತವರಿಗೆ ಗೊತ್ತು.

ಮೂರು ವರ್ಷದ ಹಿಂದೆ ಅಜ್ಜಿಯ ಮೊಮ್ಮಕ್ಕಳು ಬೇಕರಿಯನ್ನು ದಕ್ಷಿಣದ ಒಂದು ಕಂಪನಿಗೆ ಮಾರಿದರು. ಕಂಪನಿಯವರು ಬಂದ ವಾರದಲ್ಲೇ ಗೋಡೆಗೆ ದೊಡ್ಡ ಚಿತ್ರ ಏರಿಸಿದರು. ಚಿನ್ನ ಹುಡುಕಲು ಬಂದ ಗಡ್ಡದವನೊಬ್ಬ, ಕಂಕುಳಲ್ಲಿ ಭರಣಿ. ಕೆಳಗೆ '1898ರಿಂದ ಅದೇ ಹೆಪ್ಪು' ಎಂದು ಚಿನ್ನದಕ್ಷರ. ಆ ಗಡ್ಡದವನು ಯಾರೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಹೆಪ್ಪು ತನ್ನ ತಾಯಿಯದು, ಆಕೆ ಹೆರಿಂಗ್ ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆಯಲ್ಲಿ ಅಡುಗೆಗಿದ್ದಾಗ ಎಬ್ಬಿಸಿದ್ದು ಎಂದು ಬೋರ್ಗಿಲ್ಡ್ ಅಜ್ಜಿ ಹೇಳುತ್ತಿದ್ದುದು ಮಾತ್ರ ಹಳಬರಿಗೆಲ್ಲ ನೆನಪಿದೆ.

ಕೂಲಿಗಳ ವಸತಿಯ ಅಡುಗೆಯವನು ಅದೋರ್ ಬಾಲಿತಾನ್ ಆ ಚಿತ್ರವನ್ನು ಬಹಳ ಹೊತ್ತು ನೋಡಿ ಅಂದನಂತೆ, "ಮನಾಂಗ್, ಇವನು ಹಿಟ್ಟು ಕಲಸಿದವನಲ್ಲ. ಅಷ್ಟುದ್ದ ಗಡ್ಡದಲ್ಲಿ ಒಂದು ಚೂರೂ ಅಂಟಿಲ್ಲ." ಅವರ ಕಡೆ ಅಕ್ಕನನ್ನು ಮನಾಂಗ್ ಎನ್ನುತ್ತಾರೆ. ಇಡೀ ಧಕ್ಕೆಗೆ ಸೆನ್ಸಿಯಾ ಮನಾಂಗ್.

ಚಿತ್ರವನ್ನು ನೋಡಿ ನಕ್ಕು ಬಿಡಬಹುದಿತ್ತು. ಎರಡನೇ ವಾರ ಕಾಗದ ಬಂತು. ಹೆಪ್ಪು ಕಂಪನಿಯ ಸ್ವತ್ತು, ಒಂದು ಚಮಚವೂ ಹೊರಗೆ ಹೋಗಕೂಡದು, ತೆಗೆದದ್ದಕ್ಕೆ ಬ್ಲೀಚ್ ಸುರಿದು ಕಸಕ್ಕೆ ಹಾಕಬೇಕು. ಯಾರಾದರೂ ಎತ್ತಿಕೊಂಡು ಹೋಗಿ ತಿಂದಾರು ಎಂಬ ಭಯಕ್ಕೆ ಬ್ಲೀಚ್. ತಿನ್ನುವ ಹಿಟ್ಟಿನ ಮೇಲೆ, ದಿನಕ್ಕೆ ಎಂಟು ಪೌಂಡಿನ ಮೇಲೆ, ಎರಡು ಬೇಸಿಗೆಗೂ ಮೀರಿ ಇದು ನಡೆಯಿತು. ಗೋಡೆಯಾಚೆ ಕೂಲಿಗಳು ತಣ್ಣನೆಯ ಪೊಟ್ಟಣದ ಬನ್ನು ತಿಂದು ಪಾಳಿಗೆ ಹೋದರು. ಈ ಕಾಗದ ಬರೆದವರು ಹಸಿದು ನಿದ್ದೆಯಿಂದ ಎದ್ದವರಲ್ಲ ಎಂದಷ್ಟೇ ಹೇಳಬಹುದು.

"ಬೇರೆಯವರ ಕೈಲಿ ಸುರಿಸಿದ್ರೆ ಕಣ್ಣು ಮುಚ್ಕೋಬಹುದಿತ್ತು," ಎನ್ನುತ್ತಾರೆ ಸೆನ್ಸಿಯಾ. "ನನ್ನ ಕೈಯಿಂದಲೇ ಸುರಿಸಿದ್ರು. ಬ್ಲೀಚ್ ಬಿದ್ದಾಗ ಒಂಥರಾ ಬುಸ್ ಅಂತದೆ. ಆ ಸದ್ದು ಮನೆವರೆಗೂ ಬರ್ತಿತ್ತು."

ಫೆಬ್ರವರಿಯಲ್ಲಿ ಒಂದು ಸಂಜೆ ಬೇಕರಿಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. ಮ್ಯಾನೇಜರ್ ಬ್ರೆಂಟ್ ಕೆಸ್ಲರ್ ಒಬ್ಬನೇ ಇದ್ದ. ಹೆಪ್ಪಿಗೆ ಚಳಿಯಾಗಬಾರದೆಂದು ಭರಣಿಯನ್ನು ಓವನ್ನಿನೊಳಗಿಟ್ಟು, ಒಳಗಿನ ದೀಪವಷ್ಟೇ ಉರಿಸಿ ಮನೆಗೆ ಹೋದ. ಅದು ತಪ್ಪಲ್ಲ. ಈ ಊರಿನ ಅಡುಗೆಮನೆಗಳಲ್ಲೆಲ್ಲ ಚಳಿಗಾಲಕ್ಕೆ ಹೀಗೇ ಮಾಡುವುದು. ಆದರೆ ಇಟ್ಟವರು ಓವನ್ನಿನ ಗುಂಡಿಗೆ ಕೆಂಪು ಬಟ್ಟೆ ಕಟ್ಟಬೇಕು. ಆರು ವರ್ಷದ ಮಕ್ಕಳಿಗೂ ಗೊತ್ತಿರುವ ಮಾತು. ಬಟ್ಟೆ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು, ಅವನು ಕಟ್ಟಲಿಲ್ಲ. ದೀಪವೂ ಅದೇ ರಾತ್ರಿ ಸುಟ್ಟುಹೋಗಿತ್ತು.

ಮರುದಿನ ನಾಲ್ಕಕ್ಕೆ ಸೆನ್ಸಿಯಾ ಬಂದರು. ಗುಂಡಿ ಬರಿದಾಗಿತ್ತು. ಹಚ್ಚಿದರು. ಮೆಟ್ಟಿಲ ಮೇಲಿನ ಹಿಮ ಸರಿಸಲು ಹೊರಗೆ ಹೋದರು. ಅರ್ಧ ತಾಸಿನ ನಂತರ ಒಳಗೆ ಬಂದಾಗ ಕಪಾಟು ಖಾಲಿ, ಬೇಕರಿ ತುಂಬ ಬ್ರೆಡ್ಡಿನ ವಾಸನೆ. ಆ ದಿನ ಇನ್ನೂ ಒಂದೇ ಒಂದು ಬ್ರೆಡ್ಡು ಒಳಗೆ ಹೋಗಿರಲಿಲ್ಲ.

ಬಾಗಿಲು ತೆರೆದಾಗ ಭರಣಿಯ ಬಾಯಲ್ಲಿ ಹೆಪ್ಪು ಉಬ್ಬಿ, ಕಂದುಬಣ್ಣಕ್ಕೆ ಬೆಂದು ನಿಂತಿತ್ತು. ಸೆನ್ಸಿಯಾ ಹಿಟ್ಟಿನ ಮೂಟೆಯ ಮೇಲೆ ಕುಳಿತರು. ಏಳು ಗಂಟೆಗೆ ಬಂದ ಬ್ರೆಂಟ್ ಕೇಳಿದ ಮೊದಲ ಮಾತು, "ಹಚ್ಚೋ ಮುಂಚೆ ಒಳಗೆ ನೋಡ್ಬಾರದಿತ್ತಾ?"

"ನೀವು ಕೆಂಪು ಬಟ್ಟೆ ಕಟ್ಟಬಾರದಿತ್ತಾ?"

"ಬಟ್ಟೆ ಕಟ್ಟಬೇಕು ಅಂತ ಎಲ್ಲೂ ಬರೆದಿಲ್ಲ, ಸೆನ್ಸಿಯಾ."

ಬರೆದಿಲ್ಲ, ನಿಜ. ಹಾಗಾಗಿ ಮಧ್ಯಾಹ್ನದೊಳಗೆ ತಪ್ಪು ಸೆನ್ಸಿಯಾ ಅವರದೆಂದು ಬರೆದ ಎಚ್ಚರಿಕೆಯ ಪತ್ರ ಅವರ ಕೈಗೆ ಬಂತು. ಮೇ ತಿಂಗಳಿಗೆ ಹಡಗುಗಳು ಬರಬೇಕು, ಗೋಡೆಯ ಮೇಲೆ 1898 ಹೊಳೆಯುತ್ತಿದೆ, ಭರಣಿಯಲ್ಲಿ ಬೆಂದು ಸತ್ತ ಹೆಪ್ಪು. ಬ್ರೆಂಟ್ ಅಂಚೆಯಲ್ಲಿ ಯಾವುದೋ ಪುಡಿ ಹೆಪ್ಪು ತರಿಸಿದ. ಅದರ ಬ್ರೆಡ್ಡು ಚಪ್ಪಟೆಯಾಗಿ, ರುಚಿಗೆಟ್ಟು ಬಂತು. ಕೊಂಡವರು ಕಡಲ ಹಕ್ಕಿಗಳಿಗೆ ಎಸೆದು ಹೋದರು.

ಸುದ್ದಿ ಧಕ್ಕೆ ದಾಟಲು ಒಂದು ದಿನವೂ ಬೇಕಾಗಲಿಲ್ಲ. ಮರುದಿನ ಸಂಜೆ ಅದೋರ್ ಸೆನ್ಸಿಯಾರ ಮನೆ ಬಾಗಿಲಲ್ಲಿ ನಿಂತಿದ್ದ, ಕೋಟಿನೊಳಗೆ ಉಪ್ಪಿನಕಾಯಿಯ ಗಾಜಿನ ಬಾಟಲಿ. ಬಕೆಟ್ಟು ನಿಲ್ಲುವ ಹಿಂದಿನ ವಾರ ಅದರಿಂದಲೇ ತುಂಬಿಸಿಕೊಂಡದ್ದು, ಅಂದಿನಿಂದ ಫ್ರಿಜ್ಜಿನ ಮೂಲೆಯಲ್ಲಿ ಬಿದ್ದಿತ್ತು. ಸೆನ್ಸಿಯಾ ಮುಚ್ಚಳ ತೆಗೆದರು. ಹೆಪ್ಪಿನ ಮೇಲೆ ಎರಡು ಬೆರಳು ಕಪ್ಪು ನೀರು.

"ಸಾಕೋದು ಅಂದ್ರೆ ಇದೇನೋ? ಕೋಳೀನ ಪಂಜರದಲ್ಲಿಟ್ಟು ಊರಿಗೆ ಹೋದಂಗಿದೆ."

"ಸತ್ತಿಲ್ವಲ್ಲ ಮನಾಂಗ್."

"ನಿನ್ನ ಕೈಲೂ ಸಾಯಲಿಲ್ಲ ಅಂದ್ರೆ ಅದು ಇದರ ದೊಡ್ಡತನ. ನಿಂದಲ್ಲ."

ಮೂಸಿ ನೋಡಿದರು. ಕಪ್ಪು ನೀರಿನಡಿ, ಬಹಳ ಕೆಳಗೆ, ಅದೇ ಸೇಬಿನ ವಾಸನೆ. ಕಪ್ಪು ನೀರು ಬಸಿದು ಒಂದು ಚಮಚ ಹೆಪ್ಪು ಉಳಿಸಿಕೊಂಡು ಹಿಟ್ಟು ಕೊಟ್ಟರು. ನಾಲ್ಕು ದಿನ, ದಿನಕ್ಕೆ ಎರಡು ಸಲ. ಐದನೇ ಬೆಳಿಗ್ಗೆ ಅದು ಬಾಟಲಿಯ ಮುಚ್ಚಳ ಎತ್ತಿ ಮೇಜಿಗೆ ಇಳಿದಿತ್ತು. ಅಷ್ಟರಲ್ಲಿ ಶಾಲೆಯ ಅಡುಗೆಮನೆಯಿಂದ ಒಂದು, ಚರ್ಚಿನಿಂದ ಎರಡು ಬಾಟಲಿ ಬಂದಿದ್ದವು. ಒಯ್ದವರೆಲ್ಲ ಒಂದಿಷ್ಟು ಉಳಿಸಿಕೊಂಡಿದ್ದರು. ಕಂಪನಿ ಕಸವೆಂದು ಕರೆದದ್ದು ಮಾತ್ರ ಜೀವಂತ ಉಳಿದಿತ್ತು.

ಕಂಪನಿಗೆ ಕೊಡಬೇಡಿ ಎಂದು ಊರೆಲ್ಲ ಹೇಳಿತು. ಅವರು ಮತ್ತೆ ಅದಕ್ಕೆ ಬ್ಲೀಚ್ ಕುಡಿಸುತ್ತಾರೆ ಎಂದಿತು. ಸೆನ್ಸಿಯಾ ಎರಡು ದಿನ ಯೋಚಿಸಿ ಒಂದು ಲೋಟದಷ್ಟು ಹೆಪ್ಪು ಹಿಡಿದುಕೊಂಡು ಬ್ರೆಂಟ್‌ನ ಮುಂದೆ ನಿಂತರು. ಅವನು ಕೈಚಾಚಿದ. ಅವರು ಕೊಡಲಿಲ್ಲ.

"ಬೆಳಿಗ್ಗೆ ತೆಗೆದದ್ದು ಮೆಟ್ಟಿಲ ಮೇಲಿನ ಬಕೆಟ್ಟಿಗೆ ಹೋಗಬೇಕು. ಕಾಗದದಲ್ಲಿ ಬರೆದುಕೊಡಿ."

"ಅದು ನನ್ನ ಕೈಯಲ್ಲಿಲ್ಲ, ಸೆನ್ಸಿಯಾ. ಮೇಲಿನವರು..."

"ಇದೂ ನಿಮ್ಮ ಕೈಯಲ್ಲಿಲ್ಲ," ಅಂದರು, ಲೋಟ ತೋರಿಸಿ. "ಹಡಗು ಯಾವಾಗ ಬರೋದು?"

ಮೂರು ದಿನದಲ್ಲಿ ಕಾಗದ ಬಂತು. ಎರಡೇ ಸಾಲು. ಅವರು ಅದನ್ನು ಹಿಂಬಾಗಿಲಿಗೆ, ಒಳಗಿನಿಂದ, ನಾಲ್ಕೂ ಮೂಲೆಗೆ ಮೊಳೆ ಹೊಡೆದು ಬಿಗಿದಿದ್ದಾರೆ. ಎಚ್ಚರಿಕೆಯ ಪತ್ರವನ್ನು ಕಂಪನಿ ಇನ್ನೂ ಹಿಂದೆಗೆದುಕೊಂಡಿಲ್ಲ. ಗೋಡೆಯ ಗಡ್ಡದವನು ಇನ್ನೂ ಅಲ್ಲೇ ಇದ್ದಾನೆ. ಅವನ ಕೆಳಗೆ ನಿಂತು ಹಡಗಿನ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಒಳಗೆ ಹಿಟ್ಟು ಕಲಸುವವರ ಹೆಸರು ಆ ಕಟ್ಟಡದಲ್ಲಿ ಇರುವುದು ಎಚ್ಚರಿಕೆಯ ಪತ್ರದಲ್ಲಿ ಮಾತ್ರ. ನಾಚಿಕೆಯಾಗಬೇಕಾದವರಿಗೆ ಆಗಿಲ್ಲ.

ನಿಮ್ಮ ಹೆಸರು ಗೋಡೆಯ ಮೇಲೆ ಬೇಡವೇ ಎಂದು ಕೇಳಿದರೆ ಸೆನ್ಸಿಯಾ ತಲೆಯಾಡಿಸುತ್ತಾರೆ. "ಬೇಡ. ಆ ಮೊಳೆಯಲ್ಲಿರೋ ಬಟ್ಟೆ ಹಳೇದಾಗಿದೆ. ಒಂದು ಹೊಸ ಕೆಂಪು ಬಟ್ಟೆ ಕೊಡಿಸ್ಲಿ, ದೂರದಿಂದ ಕಾಣೋ ಹಾಗೆ. ನಾನು ಹೋದ ಮೇಲೂ ಯಾರಾದ್ರೂ ಕಟ್ಟಲಿ."

ಐದೂವರೆ. ಹಿಂಬಾಗಿಲಲ್ಲಿ ಬಕೆಟ್ಟಿನ ಹಿಡಿ ಕಿರುಗುಟ್ಟುತ್ತದೆ. ಅದೋರ್ ಬಂದಿದ್ದಾನೆ, ಆರರ ಪಾಳಿಗೆ ಒಯ್ಯುತ್ತಾನೆ. ಎಂಟಕ್ಕೆ ಹಡಗಿನ ಮೊದಲ ಗುಂಪು ಒಳಗೆ ನುಗ್ಗುತ್ತದೆ. ಹಳದಿ ರೇನ್‌ಕೋಟಿನ ಹೆಂಗಸೊಬ್ಬರು ಚಿತ್ರವನ್ನು ನೋಡಿ, ಕೌಂಟರಿನ ಹಿಂದಿನ ಸಣ್ಣ ಮುದುಕಿಯನ್ನು ನೋಡಿ ಕೇಳುತ್ತಾರೆ, "ನಿಜವಾಗ್ಲೂ ಅಷ್ಟು ಹಳೇದಾ ಇದು?"

"ಅದು ಗೋಡೆ ಹೇಳೋ ಲೆಕ್ಕ," ಎನ್ನುತ್ತಾರೆ ಸೆನ್ಸಿಯಾ, ಕೈಯ ಹಿಟ್ಟು ಒರೆಸಿಕೊಳ್ಳುತ್ತ. "ನನಗೆ ಗೊತ್ತಿರೋದು ಇಷ್ಟು. ಇವತ್ತು ಬೆಳಿಗ್ಗೆ ನಾಲ್ಕೂ ಹತ್ತಕ್ಕೆ ಇದಕ್ಕೆ ಊಟ ಹಾಕಿದೀನಿ. ನಾಳೇನೂ ಹಾಕ್ತೀನಿ."