ಅಪ್ಪ ಕಾಕಾನಿಗೆ ‘ರಿ’ ಅಂದ ದಿನ

ನಾನು ಚಿಕ್ಕವನಿದ್ದಾಗ ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಸಕ್ಕರೆಯನ್ನೂ ಓದಿಸುತ್ತಿದ್ದರು. ನಗಬೇಡಿ! ಮೊಹರಮ್ಮಿನಲ್ಲಿ ಕೂಡಿಸುವ ಅಲಾಯಿ ದೇವರ ಮುಂದೆ ಸಕ್ಕರೆ ಇಟ್ಟರೆ, ಆ ದೇವರನ್ನು ಹೊರುವ ಪಕ್ಕದ ಮನೆಯ ಕಾಕಾ, ಅಪ್ಪನ ಗೆಳೆಯ, ದುವಾ ಓದಿ ಕೊಡುತ್ತಿದ್ದ. ನಾನಂತೂ ಸಕ್ಕರೆಗೂ ಒಂದು ಶಾಲೆ ಇದೆ ಎಂದೇ ತಿಳಿದಿದ್ದೆ. ಆ ಸಕ್ಕರೆಯ ಪೊಟ್ಟಣ ನಮ್ಮ ದೇವರ ಜಗಲಿಯ ಮೇಲೆ ಬನಶಂಕರಿಯ ಪಕ್ಕದಲ್ಲೇ ಇರುತ್ತಿತ್ತು.

ಒಂದು ವರ್ಷ ನನಗೆ ಕೆಟ್ಟ ಜ್ವರ ಬಂತು. ಅಪ್ಪ ಮಗ್ಗ ಬಿಟ್ಟು ಓಡಿ ಅಲಾಯಿ ದೇವರಿಗೆ ಹರಕೆ ಹೊತ್ತ. ಜ್ವರ ಇಳಿಯಿತು. ಹರಕೆಯಂತೆ ನಾನು ಫಕೀರನಾಗಿ, ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಐದು ಮನೆ ಬೇಡಬೇಕಿತ್ತು. ಮೊಹರಮ್ಮಿನ ದಿನ ಬೆಳಿಗ್ಗೆ ಆ ದಾರವನ್ನು ಅಪ್ಪನೇ ಕಟ್ಟಿದ. ಮೈಯೆಲ್ಲ ಲೋಬಾನದ ಹೊಗೆಯ ವಾಸನೆ.

ಅಷ್ಟರಲ್ಲಿ ಅಕ್ಕನನ್ನು ನೋಡಲು ಹುನಗುಂದದಿಂದ ಗಂಡಿನ ಕಡೆಯವರು ಬಂದರು. ಬಹಳ ಮಡಿಯ ಜನ ಎಂದು ಸುದ್ದಿ. ಅಪ್ಪ ಗಡಿಬಿಡಿಯಿಂದ ನನ್ನ ಲಾಡಿ ಬಿಚ್ಚಿ ಮಗ್ಗದ ಕೆಳಗಿನ ಕುಣಿಗೆ ಎಸೆದ. ಹರಕೆ ತಪ್ಪಿದರೆ ಜ್ವರ ತಿರುಗಿ ಬರುತ್ತದೆಂದು ನನಗೆ ಜೀವವೇ ಹಾರಿಹೋಯಿತು.

ಅವರು ಅವಲಕ್ಕಿ ತಿನ್ನುವಾಗ ಕಾಕಾ ಬೆಲ್ಲದ ಚೊಂಗೆ ರೊಟ್ಟಿ, ಓದಿಸಿದ ಸಕ್ಕರೆ ಹಿಡಿದು ಬಾಗಿಲಿಗೆ ಬಂದ. “ಎಲ್ಲದಾನ ನಮ್ಮ ಫಕೀರ?”

ಅಪ್ಪ ಮೆಲ್ಲಗೆ ಹೇಳಿದ: “ಯಾರ ಮನಿ ಬೇಕಾಗಿತ್ರಿ? ನಮ್ಮ ಮನ್ಯಾಗ ಆ ದೇವರಿಗೆ ಯಾರೂ ನಡಕೊಳ್ಳೂದಿಲ್ಲ.”

ಹುಟ್ಟಿದಾಗಿನಿಂದ ‘ಲೇ’ ಎಂದು ಕರೆದ ಗೆಳೆಯನಿಗೆ ‘ರಿ’! ಕಾಕಾ ಬಂದವರನ್ನು ನೋಡಿದ, ಅಪ್ಪನನ್ನು ನೋಡಿದ. “ತಪ್ಪಾತ್ರಿ. ಮನಿ ತಪ್ಪಿ ಬಂದೆ,” ಎಂದು ಹೊರಟುಹೋದ.

ಅವರು ಹೋದ ಮೇಲೆ ಅಪ್ಪ ಲಾಡಿ ಹುಡುಕಿ ತಂದ. ನಾನು ಕೊರಳು ಕೊಡಲಿಲ್ಲ.

“ಅಕ್ಕನ ಮದವಿ ಆಗಬೇಕಲ್ಲೋ,” ಎಂದ.

“ನಾ ಸತ್ರ ನಡೀತೈತೇನು?” ಎಂದು ಚೀರಿದೆ. ಅಪ್ಪ ಮುಖ ತಿರುಗಿಸಿದ.

ಕೊನೆಗೆ ಅವ್ವ ದಾರ ಕಟ್ಟಿದಳು. ಐದು ಮನೆ ಬೇಡಿದೆ. ಕಾಕಾನ ಮನೆ ಮುಂದೆ ತಲೆ ಎತ್ತಲಾಗಲಿಲ್ಲ. ಅವನು ನನ್ನ ಜೋಳಿಗೆ ತುಂಬಿಸಿದ, ಆದರೆ ಮತ್ತೆಂದೂ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಈಗ ಆ ದೇವರು ಅವರದು, ಈ ದೇವರು ನಮ್ಮದು ಎಂದು ಜನ ಮೈಕಿನಲ್ಲಿ ಕೂಗುವುದನ್ನು ನೀವು ಕೇಳುತ್ತೀರಿ. ನಮ್ಮ ಕಾಲದಲ್ಲಿ ಯಾರೂ ಹಾಗೆ ಕೂಗುತ್ತಿರಲಿಲ್ಲ ಮಕ್ಕಳೇ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನೂ ಹೇಳಿಬಿಡಬಹುದಿತ್ತು. ಆದರೆ ಇವರು ಈಗ ಕೂಗುವ ಅದೇ ಮಾತನ್ನು ಅಂದು ನನ್ನ ಅಪ್ಪ, ನನ್ನೆದುರಿಗೇ, ಮೆಲ್ಲಗೆ ಹೇಳಿದ್ದ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.