ಎಣ್ಣೆಯಕ್ಕ ಬಿಚ್ಚಿದ ಎಂಜಿನ್ನು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನಗೆ ಮರ್ಯಾದೆ ತರುವ ಮಾತು ಬಹಳ ಇಲ್ಲ. ಆದರೂ ನಾನೇ ಹೇಳಬೇಕು. ಬೇರೆಯವರ ಬಾಯಿಗೆ ಬಿಟ್ಟರೆ ಅವಳ ವಿಷಯದಲ್ಲಿ ಅರ್ಧ ನುಂಗಿ, ನನ್ನ ವಿಷಯದಲ್ಲಿ ಒಂದಕ್ಕೆರಡು ಸೇರಿಸುತ್ತಾರೆ.

ಅವಳನ್ನು ಫ್ಯಾಕ್ಟರಿಯಲ್ಲಿ ಎಲ್ಲರೂ ಎಣ್ಣೆಯಕ್ಕ ಎನ್ನುತ್ತಾರೆ. ನಗಬೇಡಿ, ಆ ಎಣ್ಣೆ ಅಲ್ಲ. ಕಾರಿನ ಸೀಟಿಗೆ ಕವರು ಹೊಲಿಯುವ ಫ್ಯಾಕ್ಟರಿ ಅದು. ಉದ್ದನೆಯ ಹಾಲಿನಲ್ಲಿ ಸಾಲಾಗಿ ಎಂಬತ್ತು ಮಷಿನ್ನು. ಹದಿನೆಂಟನೇ ವಯಸ್ಸಿಗೆ ಹೊಲಿಯಲು ಸೇರಿದವಳು, ತನ್ನ ಮಷಿನ್ನು ಕೆಟ್ಟಾಗಲೆಲ್ಲ ರಿಪೇರಿಯವನಿಗೆ ಕಾದು ಕಾದು ರೋಸಿಹೋಗಿ, ಒಂದು ದಿನ ತಾನೇ ಬಿಚ್ಚಿಕೊಂಡು ಕೂತಳು. ಸೂಪರ್‌ವೈಸರ್ ಕೂಗಾಡಿದ. ಮಷಿನ್ನು ಓಡಿತು. ಆಮೇಲೆ ಪಕ್ಕದವಳದು, ಅದರಾಚೆಯವಳದು. ಹತ್ತು ವರ್ಷ ಬಿಟ್ಟಿ ಚಾಕರಿ ಮಾಡಿಸಿಕೊಂಡು ಕೊನೆಗೆ ಮೆಕಾನಿಕ್ ಅಂತ ಹುದ್ದೆ ಕೊಟ್ಟರು. ಒಂದು ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ, ಕಿವಿಯ ಹಿಂದೆ ಸ್ಕ್ರೂಡ್ರೈವರು, ಅವಳ ಅವತಾರ ಅದೇ. ಈಗ ಐವತ್ತೊಂದು ವಯಸ್ಸು. ಮದುವೆಯಾಗಲಿಲ್ಲ. ಯಾಕೆ ಅಂದರೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಾಳೆ.

ಇಂಥವಳು ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಕಾರು ಕೊಂಡಳು. ಮನೆಯವರೆಲ್ಲ ಕೂತು ಹೋಗುವ ಕಾರಲ್ಲ. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಹಾಗೆ ಕೂತ ಮೈ, ಟರ್ಬೊ ಎಂಜಿನ್ನು, ಕಡುನೀಲಿ ಬಣ್ಣ. ಹದಿಮೂರು ವರ್ಷ ಹಳೆಯದು. ಪಕ್ಕದ ಬೀದಿಯಲ್ಲಿರುವ ಅವಳ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ.

"ಈ ವಯಸ್ಸಲ್ಲಿ ನಿನಗೆ ರೇಸ್ ಕಾರು ಬೇಕಿತ್ತಾ? ನೋಡಿದವರು ಏನಂತಾರೆ? ಒಂದು ತಿಂಗಳಲ್ಲಿ ನೀನೇ ಮಾರ್ತೀಯ, ಬರೆದಿಟ್ಕೋ."

"ಮೂವತ್ತು ವರ್ಷದಿಂದ ಇಂಥ ಕಾರಿನ ಸೀಟು ನಮ್ಮ ಕೈ ದಾಟಿ ಹೋಗ್ತಾ ಇದೆ ಅಣ್ಣ. ಒಂದರಲ್ಲೂ ನಾನು ಕೂತಿಲ್ಲ. ಈಗ ಕೂರ್ತೀನಿ. ನೋಡೋರು ನೋಡ್ಲಿ, ಕಣ್ಣಿರೋದೇ ಅದಕ್ಕೆ."

ಇದನ್ನೆಲ್ಲ ಅವನೇ ನನ್ನ ಗ್ಯಾರೇಜಿಗೆ ಬಂದು ಗೋಳೋ ಅಂತ ಹೇಳಿಕೊಂಡದ್ದು. ಅಷ್ಟೇ ಆಗಿದ್ದರೆ ಅವನೂ ಸುಮ್ಮನಾಗುತ್ತಿದ್ದನೇನೋ. ಊರಾಚೆ ವಿಮಾನ ಇಳಿಯದೆ ಬಿಟ್ಟುಹೋದ ಒಂದು ರನ್‌ವೇ ಇದೆ. ಮೂರು ತಿಂಗಳಿಗೊಂದು ಭಾನುವಾರ ಅಲ್ಲಿ ಕಾರು ಓಡಿಸಲು ಬಿಡುತ್ತಾರೆ. ಒಬ್ಬೊಬ್ಬರೇ, ನೇರಕ್ಕೆ, ಎಷ್ಟು ಜೋರು ಹೋಗುತ್ತದೋ ಅಷ್ಟು. ಎಣ್ಣೆಯಕ್ಕ ಅಲ್ಲಿ ಹೆಸರು ಕೊಟ್ಟು ಬಂದಿದ್ದಳು. ನಾಲ್ಕು ವಾರ ಬಾಕಿ ಇತ್ತು.

ಜೋರಾಗಿ ಓಡುವ ಕಾರುಗಳೆಂದರೆ ಈ ಊರಲ್ಲಿ ನನ್ನ ಗ್ಯಾರೇಜು. ಮೂವತ್ತೈದು ವರ್ಷದಿಂದ ಇದೇ ಕೆಲಸ. ದೊಡ್ಡವರು ಚಿಕ್ಕವರೆಲ್ಲ ನನ್ನನ್ನು ಮೇಸ್ತ್ರಿ ಎಂದೇ ಕರೆಯುವುದು. ಯಾರೋ ಓಡಿಸಿ ಬಿಟ್ಟ ಇಂಥ ಕಾರು ಕೊಂಡು ಬಂದವರಿಗೆ ನಾನು ಒಂದು ಭಾಷಣ ಬಿಗಿಯುತ್ತೇನೆ. ಮಾರಿದವನು ಹೇಳಿದ್ದನ್ನೆಲ್ಲ ಮರೆತುಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟು, ಎಲ್ಲ ಚೆಲ್ಲಿ ಹೊಸದು ಹಾಕಿ. ಟೈರಿನ ಗೆರೆ ನೋಡಿ ಮೋಸಹೋಗಬೇಡಿ, ಅದು ತಯಾರಾದ ವರ್ಷ ನೋಡಿ. ಎಂಜಿನ್ನು ತಣ್ಣಗಿರುವಾಗ ಕಾಲು ಒತ್ತಬೇಡಿ. ಜೋರಾಗಿ ಓಡಿಸಿಕೊಂಡು ಬಂದ ಮೇಲೆ ಒಂದೆರಡು ನಿಮಿಷ ನಿಂತಲ್ಲೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ, ಟರ್ಬೊ ತಣಿಯಬೇಕು. ಸೈಲೆನ್ಸರು ಕೊಯ್ಸಿ ಬೀದಿಯವರ ನಿದ್ದೆ ಕೆಡಿಸುವ ಶೋಕಿ ಆಮೇಲಿರಲಿ, ಮೊದಲು ಬ್ರೇಕು ಸರಿಮಾಡಿಸಿ. ಕೇಳುವವರು ಹೂಂ ಹೂಂ ಅನ್ನುತ್ತ ಫೋನು ನೋಡುತ್ತಾರೆ. ನನಗೂ ರೂಢಿಯಾಗಿದೆ.

ಕಾರು ತೋರಿಸಲು ಬಂದ ಇವಳು ಮಾತ್ರ ಒಂದೊಂದಕ್ಕೂ ಅಡ್ಡ ಪ್ರಶ್ನೆ ಹಾಕಿದಳು.

"ಬ್ರೇಕ್ ಆಯಿಲ್ ಖರ್ಚೇ ಆಗಲ್ವಲ್ಲ ಮೇಸ್ತ್ರಿ, ಅದನ್ಯಾಕೆ ಬದಲಾಯಿಸೋದು?"

"ಅದು ಗಾಳಿಯಲ್ಲಿರೋ ನೀರು ಕುಡಿಯುತ್ತೆ ತಾಯಿ. ಬ್ರೇಕು ಕಾದಾಗ ಆ ನೀರು ಕುದಿಯುತ್ತೆ. ಆಮೇಲೆ ನೀನು ಪೆಡಲ್ ಮೇಲೆ ಎದ್ದು ನಿಂತ್ರೂ ಗಾಡಿ ನಿಲ್ಲಲ್ಲ."

"ಹಾಂ, ಇದು ಉತ್ತರ," ಎಂದಳು, ಏನೋ ನನಗೆ ಪರೀಕ್ಷೆ ಇಟ್ಟವಳ ಹಾಗೆ. ಮೈ ಉರಿಯಿತು, ಆದರೆ ಖುಷಿಯೂ ಆಯಿತು.

ಕೊನೆಗೆ ಟೈಮಿಂಗ್ ಬೆಲ್ಟಿನ ಮಾತು ಬಂತು. ಎಂಜಿನ್ನಿನ ಮೇಲಿನ ಭಾಗವೂ ಕೆಳಗಿನ ಭಾಗವೂ ತಾಳ ತಪ್ಪದೆ ತಿರುಗುವುದು ಆ ಒಂದು ಬೆಲ್ಟಿನಿಂದ. ಓಡುವಾಗ ಅದು ಜಾರಿದರೆ ವಾಲ್ವು ಪಿಸ್ಟನ್ನು ಒಂದಕ್ಕೊಂದು ಬಡಿದುಕೊಂಡು ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ, ಆಮೇಲೆ ಕಾರು ಗುಜರಿಗೆ. ನಾನು ಬಾನೆಟ್ಟಿನೊಳಗೆ ಅಂಟಿಸಿದ್ದ ಹಳದಿ ಸ್ಟಿಕ್ಕರು ತೋರಿಸಿದೆ. ಹಿಂದಿನ ಓನರಿಗೆ ಎರಡು ವರ್ಷದ ಕೆಳಗೆ ಬೆಲ್ಟು ಬದಲಾಯಿಸಿಕೊಟ್ಟವನು ನಾನೇ. ತಾರೀಖು, ಕಿಲೋಮೀಟರು, ನನ್ನ ಸಹಿ, ಎಲ್ಲ ಇತ್ತು.

"ಆ ಸ್ಟಿಕ್ಕರ್ ನೋಡೇ ಈ ಕಾರು ತಗೊಂಡಿದ್ದು," ಎಂದಳು. ನಾನು ಉಬ್ಬಿಹೋದೆ.

ಹತ್ತು ದಿನ ಬಿಟ್ಟು ಮತ್ತೆ ಬಂದಳು. ಗ್ಯಾರೇಜಿನಲ್ಲಿ ಗಿರಾಕಿಗಳು ಮೂವರು ಟೀ ಕುಡಿಯುತ್ತ ಕೂತಿದ್ದರು.

"ಮೇಸ್ತ್ರಿ, ಬೆಳಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿದ್ರೆ ಅರ್ಧ ನಿಮಿಷ ಕಿಚಕಿಚ ಅನ್ನತ್ತೆ. ಬಿಸಿಯಾದ್ಮೇಲೆ ಇರಲ್ಲ."

"ಬೆಳಗ್ಗೆ ಎದ್ರೆ ನನ್ನ ಮಂಡಿನೂ ಅನ್ನತ್ತೆ. ಹೊರಗಿನ ಫ್ಯಾನ್ ಬೆಲ್ಟು ಅದು, ಬಿಡು."

"ಫ್ಯಾನ್ ಬೆಲ್ಟ್ ಬಿಚ್ಚಿಟ್ಟು ಒಂದು ಗಳಿಗೆ ಓಡಿಸಿ ನೋಡಿದೆ. ಆಗ್ಲೂ ಅಂತು."

ಎಷ್ಟೋ ಮೆಕಾನಿಕ್ಕುಗಳಿಗೆ ತೋಚದ ಪರೀಕ್ಷೆ ಅದು. ಹೊರಗಿನ ಬೆಲ್ಟು ಇಲ್ಲದಿದ್ದಾಗಲೂ ಸದ್ದು ಬಂದರೆ, ಸದ್ದು ಇರುವುದು ಟೈಮಿಂಗ್ ಬೆಲ್ಟಿನ ಮುಚ್ಚಳದ ಒಳಗೆ. ಮುಚ್ಚಳದ ಒಳಗಿದ್ದದ್ದು ನನ್ನ ಕೆಲಸ.

"ಬೆಲ್ಟ್ ಹಾಕಿದಾಗ ಅದನ್ನ ಬಿಗಿಹಿಡಿಯೋ ರೋಲರೂ ಹೊಸದು ಹಾಕಿದ್ರಾ?"

"ಎಲ್ಲಾ ಹೊಸದೇ."

ಸುಳ್ಳು. ಹಸಿ ಸುಳ್ಳು. ಬೆಲ್ಟು ಮಾತ್ರ ಹೊಸದು. ರೋಲರನ್ನು ಕೈಯಲ್ಲಿ ತಿರುಗಿಸಿ ನೋಡಿದ್ದೆ, ನುಣ್ಣಗೆ ತಿರುಗಿತ್ತು, ಹಾಗೇ ಹಾಕಿದ್ದೆ. ಹೊಸದು ತರಿಸಲು ನಾಲ್ಕು ದಿನ ಬೇಕು, ಗಿರಾಕಿಗೆ ಅವಸರ, ನನಗೆ ಉದಾಸೀನ. ಒಂದು ಸಲ ಮಾಡಿ ಏನೂ ಆಗದಿದ್ದಾಗ ಅದೇ ಅಭ್ಯಾಸವಾಗಿತ್ತು. ಸುಳ್ಳು ಹೇಳಿದ ಮೇಲೆ ಮನುಷ್ಯನಿಗೆ ಸಿಟ್ಟು ಬರುತ್ತದೆ ನೋಡಿ, ನನಗೂ ಬಂತು.

"ಇದು ಹೊಲಿಗೆ ಮಷಿನ್ ಅಲ್ಲ ತಾಯಿ, ಎಣ್ಣೆ ಬಿಟ್ಟು ಒರೆಸಿದ್ರೆ ಸರಿಹೋಗೋಕೆ. ನನ್ನ ಕೆಲಸಕ್ಕೆ ಹೆಸರಿಡೋಕೆ ಬಂದ್ಯಾ?"

ಕೂತಿದ್ದ ಮೂವರೂ ಕಿಸಕ್ಕನೆ ನಕ್ಕರು. ಅವಳು ಕ್ಯಾರೇ ಅನ್ನಲಿಲ್ಲ.

"ಹೊಸದಾದ್ರೆ ಬಿಚ್ಚಿ ತೋರಿಸಿ."

"ನನ್ನ ಕೆಲಸ ನಾನು ಎರಡನೇ ಸಲ ಬಿಚ್ಚಲ್ಲ."

"ಸರಿ, ನಾನು ಬಿಚ್ತೀನಿ," ಎಂದು ಹೊರಟೇಹೋದಳು.

ಅವತ್ತು ಸಂಜೆ ಅವಳ ಅಣ್ಣ ಓಡಿಬಂದ. ಬುದ್ಧಿ ಹೇಳಿ ಮೇಸ್ತ್ರಿ, ನಿಮ್ಮ ಮಾತಾದರೂ ಕೇಳಿಯಾಳು ಎಂದ. ಅವಳು ಆ ಮುಚ್ಚಳ ಮುಟ್ಟಿದರೆ ಎಂಜಿನ್ನು ಮುಗಿದ ಹಾಗೇ, ಆಮೇಲೆ ನನ್ನ ಹತ್ತಿರ ತರಬೇಡಿ ಎಂದು ನಾನು ಅವನನ್ನು ಇನ್ನಷ್ಟು ಹೆದರಿಸಿ ಕಳಿಸಿದೆ. ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ: ಅವಳು ಎಂಜಿನ್ನು ಕೆಡಿಸಲಿ ಅಂತಲೇ ನನ್ನ ಮನಸ್ಸಿನಲ್ಲಿದ್ದದ್ದು. ಕೆಟ್ಟರೆ ತಪ್ಪು ಅವಳ ತಲೆಗೆ ಹೋಗುತ್ತಿತ್ತು.

ಅವಳ ವಾರದ ರಜೆಯ ದಿನ ನನಗೆ ಗ್ಯಾರೇಜಿನಲ್ಲಿ ಕೂರಲಾಗಲಿಲ್ಲ. ಆ ಕಡೆ ಏನೋ ಕೆಲಸವಿದ್ದವನ ಹಾಗೆ ಸ್ಕೂಟರು ತಿರುಗಿಸಿದೆ. ಮನೆ ಮುಂದಿನ ಇಕ್ಕಟ್ಟು ಜಾಗದಲ್ಲಿ ಕಾರನ್ನು ಜಾಕಿ ಕೊಟ್ಟು ಎತ್ತಿ, ಕೆಳಗೆ ಗಟ್ಟಿ ಆಸರೆ ಇಟ್ಟಿದ್ದಳು. ಬಿಚ್ಚಿದ ಒಂದು ಚಕ್ರ ಗೋಡೆಗೆ ಒರಗಿತ್ತು. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಸಿಕ್ಕಿಸಿದ್ದಳು. ಹಲ್ಲಿನ ಚಕ್ರಗಳು ಕೂರಬೇಕಾದ ಜಾಗಕ್ಕೆ ಉಗುರಿಗೆ ಹಚ್ಚುವ ಬಿಳಿ ಬಣ್ಣದಲ್ಲಿ ಗುರುತು ಹಾಕಿದ್ದಳು. ನನ್ನ ಗ್ಯಾರೇಜಿನಲ್ಲಿ ಬೋಲ್ಟುಗಳೆಲ್ಲ ಒಂದೇ ಡಬ್ಬಿಗೆ ಬೀಳುತ್ತವೆ. ಕಿಟಕಿ ಕಿಟಕಿಯಲ್ಲೂ ಬೀದಿಯವರ ತಲೆ. ಅಣ್ಣ ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿದ್ದ.

ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಎದ್ದು ಬಂದು ನನ್ನ ಅಂಗೈ ಮೇಲೆ ಒಂದು ರೋಲರು ಇಟ್ಟಳು.

"ತಿರುಗಿಸಿ."

ತಿರುಗಿಸಿದೆ. ಒಳಗೆ ಮರಳು ತುಂಬಿದ ಹಾಗೆ ಕರಕರ ಅಂದಿತು. ಬೆರಳಿಗೆ ಕಂದು ಪುಡಿ ಹತ್ತಿತು. ಅಲುಗಾಡಿಸಿದರೆ ಅಲುಗಾಡಿತು. ಅಂಚಿನಲ್ಲಿ ತಯಾರಾದ ವರ್ಷ ಕೊರೆದಿತ್ತು.

"ಓದಿ ಹೇಳಿ ಮೇಸ್ತ್ರಿ. ಕಾರು ಹುಟ್ಟಿದ ವರ್ಷಾನೇ ಅಲ್ವಾ ಇದೂ ಹುಟ್ಟಿದ್ದು?"

ರಕ್ತ ನೆತ್ತಿಗೇರಿತು. "ಯಾರು ಬಿಚ್ಚು ಅಂದಿದ್ದು ನಿನಗೆ?" ಎಂದು ಬೀದಿ ಕೇಳುವ ಹಾಗೆ ಕಿರುಚಿದೆ.

"ಕಾರು ನಂದು. ಸುಳ್ಳು ನಿಮ್ದು."

ಅಣ್ಣ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. ನಾನು ದನಿ ತಗ್ಗಿಸಿ, ಆಯ್ತು, ಹೊಸದು ತರಿಸಿ ನಾನೇ ಹಾಕಿಕೊಡುತ್ತೇನೆ, ಪುಕ್ಕಟೆ ಎಂದೆ.

"ಬೇಡ. ನಿಮ್ಮ ಕೈ ಇದನ್ನ ಮುಟ್ಟೋದು ಬೇಡ. ಹೀಗೆ ಹಳೇ ರೋಲರ್ ಮೇಲೆ ಹೊಸ ಬೆಲ್ಟ್ ಹಾಕಿರೋ ಗಾಡಿ ಇನ್ನೆಷ್ಟಿವೆ, ಅವನ್ನ ನೋಡ್ಕೊಳಿ."

ಒಂಬತ್ತು ಇದ್ದವು. ಹತ್ತನೆಯದು ಈಗ ಇರಲಿಲ್ಲ. ಅದು ಮನೆಪಾಠ ಹೇಳುವ ಮೇಷ್ಟ್ರೊಬ್ಬರ ಕಾರು, ಅವರ ಜೀವಮಾನದ ಒಂದೇ ಶೋಕಿ. ಹೋದ ವರ್ಷ ದಾರಿಯಲ್ಲೇ ಎಂಜಿನ್ನು ಒಡೆದು, ಎಳೆಸಿಕೊಂಡು ನನ್ನ ಗ್ಯಾರೇಜಿಗೆ ತಂದಿದ್ದರು. ಬಿಚ್ಚಿದಾಗ ಆ ಹಳೇ ರೋಲರೇ ಮುರಿದು ಬೆಲ್ಟು ಜಾರಿದ್ದು ನನಗೆ ಕಂಡಿತ್ತು. ಆದರೂ "ಏನ್ ಮೇಷ್ಟ್ರೇ, ಓಡಿಸೋಕೆ ಬರದೆ ಇದ್ರೆ ಇಂಥ ಗಾಡಿ ಯಾಕೆ ತಗೊಳ್ತೀರ" ಎಂದು ಎಲ್ಲರೆದುರಿಗೆ ಅವರನ್ನೇ ಬೈದಿದ್ದೆ. ಅವರು ತಪ್ಪು ಒಪ್ಪಿಕೊಂಡು, ತಲೆ ತಗ್ಗಿಸಿಕೊಂಡು, ಕಾರನ್ನು ಗುಜರಿಗೆ ಕೊಟ್ಟು ಹೋದರು.

ಮರುದಿನ ಬೆಳಗ್ಗೆ ಗ್ಯಾರೇಜಿನ ಬಾಗಿಲು ಅರ್ಧ ಎಳೆದು ಫೋನು ಹಿಡಿದು ಕೂತೆ. ಗಾಡಿ ಓಡಿಸಬೇಡಿ, ಎಳೆಸಿಕೊಂಡು ತಂದು ನಿಲ್ಲಿಸಿ, ನನ್ನ ತಪ್ಪು. ಒಂಬತ್ತು ಸಲ ಹೇಳಿದೆ. ಇಬ್ಬರು ಬಾಯಿಗೆ ಬಂದಂತೆ ಬೈದರು, ಒಬ್ಬ ನಕ್ಕ. ಕೊನೆಗೆ ಮೇಷ್ಟ್ರಿಗೆ ಮಾಡಿದೆ. ನೀವು ಸರಿಯಾಗೇ ಓಡಿಸಿದ್ರಿ ಮೇಷ್ಟ್ರೇ, ಒಡೆದಿದ್ದು ನನ್ನಿಂದ ಎಂದೆ.

"ನಾನು ಆಮೇಲೆ ಸ್ಟೀರಿಂಗ್ ಮುಟ್ಟೇ ಇಲ್ಲ ಮೇಸ್ತ್ರಿ," ಎಂದರು. ಫೋನು ಇಟ್ಟುಬಿಟ್ಟರು.

ಹೊಸ ರೋಲರು, ಜೊತೆಗೆ ವಾಟರ್ ಪಂಪು, ಬೆಲ್ಟು, ಎಲ್ಲ ಎಣ್ಣೆಯಕ್ಕನೇ ತರಿಸಿಕೊಂಡಳು. ಶುಕ್ರವಾರ ಗ್ಯಾರೇಜಿಗೆ ಬಂದು ಬೋಲ್ಟನ್ನು ಅಳತೆಗೆ ಬಿಗಿಯುವ ಸ್ಪ್ಯಾನರು ಕೇಳಿದಳು. ತೆಗೆದು ಕೊಟ್ಟೆ. ಬೆಲ್ಟು ಕೂರಿಸಿದ ಮೇಲೆ ಕೀ ಹಾಕುವ ಮೊದಲು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡು ಎಂದೆ. ಯಾಕೆ ಎಂದಳು. ಗುರುತು ತಪ್ಪಿದ್ದರೆ ಕೈಗೆ ತಡೆಯುತ್ತದೆ, ಏನೂ ಮುರಿಯುವುದಿಲ್ಲ ಎಂದೆ. ತಲೆಯಾಡಿಸಿ ಹೋದಳು. ಶನಿವಾರ ಸ್ಪ್ಯಾನರು ಒರೆಸಿ ವಾಪಸು ತಂದಿಟ್ಟಳು.

ಭಾನುವಾರ ರನ್‌ವೇಗೆ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಅಣ್ಣ ಬಂದಿದ್ದ, ತಂಗಿಯ ಹೆಲ್ಮೆಟ್ಟು ಹಿಡಿದುಕೊಂಡು ನಿಂತಿದ್ದ. ಸಾಲಿನಲ್ಲಿ ಇಪ್ಪತ್ತು ಕಾರು, ಓಡಿಸುವವರು ಹೆಚ್ಚಿನವರು ಅವಳ ಅರ್ಧ ವಯಸ್ಸಿನವರು. ಒಬ್ಬ "ಆಂಟಿ, ಪಾರ್ಕಿಂಗ್ ಆ ಕಡೆ" ಎಂದ. "ಗೊತ್ತಪ್ಪ, ನಿಂದನ್ನ ಅಲ್ಲಿ ಹಾಕು, ನನಗೆ ಓಡಿಸೋಕಿದೆ" ಎಂದಳು.

ಕಾರು ತಪಾಸಣೆ ಮಾಡುವ ಮೇಜಿನ ಹುಡುಗಿ ಫಾರಂ ನೋಡಿ ತಡೆದಳು. ಕೆಳಗೆ ಎರಡು ಸಹಿಯ ಜಾಗ ಇತ್ತು, ಓನರಿಗೊಂದು, ಗಾಡಿ ಸಿದ್ಧ ಮಾಡಿದ ಮೆಕಾನಿಕ್ಕಿಗೊಂದು. ಎರಡರಲ್ಲೂ ಒಂದೇ ಸಹಿ.

"ಮೇಡಂ, ಇಲ್ಲಿ ಮೆಕಾನಿಕ್ ಸಹಿ ಬೇಕು. ಅದಿಲ್ಲದೆ ಬಿಡೋಕಾಗಲ್ಲ." ಅಷ್ಟರಲ್ಲಿ ನನ್ನನ್ನು ಕಂಡು ಮುಖ ಅರಳಿಸಿದಳು. "ಓ, ಮೇಸ್ತ್ರಿ ಇದಾರಲ್ಲ! ನೀವೇ ಒಂದು ಹಾಕ್ಬಿಡಿ, ಮುಗೀತು."

ಪೆನ್ನು ನನ್ನ ಕೈಗೆ ಬಂತು. ಅಣ್ಣ "ಹಾಕಿ ಮೇಸ್ತ್ರಿ, ಪಾಪ" ಎಂದು ಪಿಸುಗುಟ್ಟಿದ. ಒಂದು ಗೀಟು ಎಳೆದಿದ್ದರೆ ಸಾಕಿತ್ತು, ಊರ ಮುಂದೆ ಅದು ಮತ್ತೆ ನನ್ನ ಕೆಲಸವಾಗುತ್ತಿತ್ತು. ಎಣ್ಣೆಯಕ್ಕ ಸೊಂಟಕ್ಕೆ ಕೈ ಕೊಟ್ಟು ನನ್ನನ್ನೇ ನೋಡುತ್ತ ನಿಂತಿದ್ದಳು.

ಪೆನ್ನನ್ನು ಮೇಜಿನ ಮೇಲಿಟ್ಟೆ.

"ಮೆಕಾನಿಕ್ ಸಹಿನೇ ಅಲ್ಲಿರೋದು ಕಣಮ್ಮ. ಈ ಎಂಜಿನ್ ಕೆಡಿಸಿದವನು ನಾನು. ಸರಿ ಮಾಡಿದವರು ಇವರು. ಬೇಕಾದ್ರೆ ಇವರ ಕೆಲಸ ನಾನು ಇಲ್ಲೇ ಬಾನೆಟ್ ಎತ್ತಿ ತೋರಿಸ್ತೀನಿ, ಸಹಿ ಮಾತ್ರ ಹಾಕಲ್ಲ."

ಜೋರಾಗಿಯೇ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವರಲ್ಲಿ ಮುಕ್ಕಾಲು ಪಾಲು ನನ್ನ ಗಿರಾಕಿಗಳೇ. ಹುಡುಗಿ ಒಂದು ಗಳಿಗೆ ಯೋಚಿಸಿ ಫಾರಮ್ಮಿಗೆ ಮುದ್ರೆ ಒತ್ತಿದಳು. ಎಣ್ಣೆಯಕ್ಕ ಅಣ್ಣನ ಕೈಯಿಂದ ಹೆಲ್ಮೆಟ್ಟು ಕಿತ್ತುಕೊಂಡು ಕಾರಿನಲ್ಲಿ ಕೂತಳು, ಬಾಗಿಲು ಎಳೆದುಕೊಂಡಳು, ಗಾಜು ಇಳಿಸಿದಳು.

"ಪಕ್ಕಕ್ಕೆ ನಿಲ್ಲಿ ಮೇಸ್ತ್ರಿ, ಓಡಿಸ್ಬೇಕು."

ನಾನು ಪಕ್ಕಕ್ಕೆ ನಿಂತೆ.