ಎತ್ತಿನ ದಲಾಲನ ಮಗಳು ಹಣಕಾಸು ವಿಭಾಗಕ್ಕೆ ಹೋದದ್ದು

ಮುಂಬಯಿಯಲ್ಲಿ ನನ್ನ ಹೆಸರನ್ನು ಕೇಳಿದ್ದು ಮೂರನೇ ದಿನ. ಮೊದಲ ದಿನ ಕೇಳಿದ್ದು ಕಂಪನಿಯ ಪತ್ರ. ದುಡಿಯುವ ಹೆಂಗಸರ ಹಾಸ್ಟೆಲ್ಲು ನೋಡಿಕೊಳ್ಳುವ ಮರಾಠಿ ಮೇಲ್ವಿಚಾರಕಿ, ನನ್ನ ಟ್ರಂಕು ಹೊಸ್ತಿಲು ದಾಟುವ ಮೊದಲೇ ಕೈ ಚಾಚಿ, "ಆಫೀಸಾಚಿ ಚಿಠ್ಠಿ?" ಎಂದರು. ಆ ಚೀಟಿ ಇದ್ದರೆ ಮಂಚ, ಇಲ್ಲದಿದ್ದರೆ ರಸ್ತೆ. ನಮ್ಮ ಮಾದನಹಿಪ್ಪರಗಾದಲ್ಲಿ ಗುರುತಿಲ್ಲದವರು ಬಂದರೂ ತಂಬಿಗೆ ನೀರು ಕೊಟ್ಟು, ಕುಡಿದಾದ ಮೇಲೆ ಯಾರ ಪೈಕಿ ಎಂದು ವಿಚಾರಿಸುತ್ತೇವೆ. ಇಲ್ಲಿ ನೀರಿನ ನಲ್ಲಿಗೂ ಪಾಳಿ.

ಇದು ಎಂಬತ್ತರ ದಶಕದ ನಡುವಿನ ಮಾತು. ಪಂಪುಸೆಟ್ಟು ತಯಾರಿಸುವ ಒಂದು ಕಂಪನಿಯಲ್ಲಿ ನನ್ನದು ಟೈಪಿಸ್ಟ್ ಕೆಲಸ, ಅದೂ ತಾತ್ಕಾಲಿಕ. ಹತ್ತು ತಿಂಗಳಾಗುವಷ್ಟರಲ್ಲಿ, ಈ ತಿಂಗಳ ಕೊನೆಗೆ ಹುದ್ದೆ ಮುಗಿಯಿತು ಎಂದರು. ಹುದ್ದೆ ಮುಗಿದರೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ಮಂಚವಿಲ್ಲ. ಅದೇ ವಾರ ಹಣಕಾಸು ವಿಭಾಗಕ್ಕೆ ಸಹಾಯಕರು ಬೇಕೆಂಬ ನೋಟೀಸು ಅಂಟಿಸಿದರು. ಬಿ.ಕಾಂ. ಆದವರಿಗೆ ಆದ್ಯತೆ, ಒಳಗಿನವರೂ ಅರ್ಜಿ ಹಾಕಬಹುದು. ನಾನು ಕಲಬುರಗಿಯಲ್ಲಿ ಓದಿದ್ದು ಇತಿಹಾಸ. ಆದರೂ ಹಾಕಿದೆ. ಅರ್ಜಿಯ ಕಾಗದಕ್ಕೆ ಆಫೀಸಿನವರು ದುಡ್ಡು ಕೇಳುವುದಿಲ್ಲ. ನೀವೂ ಇದನ್ನು ನೆನಪಿಡಿ.

ಸಂದರ್ಶನಕ್ಕೆ ಎಂಟು ದಿನವಿತ್ತು. ಫುಟ್‌ಪಾತಿನಲ್ಲಿ ಹಳೆಯ ವಾಣಿಜ್ಯ ಪುಸ್ತಕವೊಂದನ್ನು ಹೇಳಿದ ಬೆಲೆಯ ಅರ್ಧಕ್ಕೆ ತಂದೆ. ಕೊನೆಯ ಪಾಠಗಳೇ ಅದರಲ್ಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಚೌಕಾಸಿಗೆ ಕೂರುವ ಮೊದಲು ಪುಟ ಎಣಿಸಿಕೊಳ್ಳಬೇಕು.

ನನ್ನ ಪಕ್ಕದ ಮಂಚ ಖುರ್ಷಿದಾ ಆಪಾಳದು. ಜೇವರ್ಗಿಯವಳು, ಟೆಲಿಫೋನ್ ಆಪರೇಟರ್. ದಿನಾ ಬೆಳಿಗ್ಗೆ ಪಾವ್ ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದುತ್ತ, ಸಾಹೇಬನ ಗತ್ತಿನಲ್ಲಿ ನನ್ನನ್ನು ಪ್ರಶ್ನೆ ಕೇಳುತ್ತಿದ್ದಳು.

"ವರ್ಕಿಂಗ್ ಕ್ಯಾಪಿಟಲ್ ಅಂದ್ರೇನು, ಹೇಳು."

ಪುಸ್ತಕದ ಮೂರು ಸಾಲನ್ನು ಉಸಿರು ಬಿಡದೆ ಒಪ್ಪಿಸಿದೆ.

"ಹಾಂಗಂದ್ರ?"

"ಹಾಂಗಂದ್ರ ಅದೇ."

"ಏ ಬೇ, ಗಿಳಿ ಹಾಂಗ ಒದರಾಕತ್ತಿ. ರಾಂಗ್ ನಂಬರ್ ಅಂತ ಫೋನ್ ಇಟ್ಟಾಂಗ ಇಟ್ಟುಬಿಡ್ತಾರ ನಿನ್ನ."

"ಮತ್ತ ಏನ್ ಮಾಡ್ಲಿ ಆಪಾ? ನನಗ ಇಷ್ಟೇ ಬರ್ತದ."

"ಕಂಪನಿ ತಾರೀಫ್ ಮಾಡು. ಹೊಗಳಿಸ್ಕೊಳ್ಳಾಕ ಯಾರಿಗೆ ಬ್ಯಾಸರ ಆಗ್ತದ?"

ತಲೆಯಾಡಿಸಿದೆ. ಆ ಮಾತನ್ನು ಕೇಳಿದ್ದರೆ ಚೆನ್ನಾಗಿತ್ತೋ ಏನೋ.

ಸಂದರ್ಶನದ ಕೋಣೆಯಲ್ಲಿ ಇಬ್ಬರಿದ್ದರು. ಹಣಕಾಸಿನ ಮುಖ್ಯಸ್ಥರು ವಯಸ್ಸಾದವರು, ದಪ್ಪ ಕನ್ನಡಕ. ಇನ್ನೊಬ್ಬರು ಗೋದಾಮಿನ ಮ್ಯಾನೇಜರ್. ಮುಖ್ಯಸ್ಥರು ಕಂಪನಿಯ ವರ್ಷದ ವರದಿಯನ್ನು ನನ್ನ ಮುಂದೆ ತಳ್ಳಿ, ಇದನ್ನು ನೋಡಿ ಏನನ್ನಿಸುತ್ತದೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅಂಕಿಗಳ ಸಾಲಿನ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತಿದ್ದಂತೆ ನನ್ನ ಬುದ್ಧಿ ಆಳಂದದ ದನದ ಸಂತೆಗೆ ಹೋಗಿಬಿಟ್ಟಿತು.

ನಮ್ಮಪ್ಪ ಎತ್ತಿನ ದಲಾಲ. ಸಂತೆಯಲ್ಲಿ ಕೊಳ್ಳುವ ಮನಸ್ಸಿದ್ದವನು ಎತ್ತನ್ನು ಹೊಗಳುವುದಿಲ್ಲ. ಗೊರಸು ಒಡೆದಿದೆ, ಹೆಗಲು ಇಳಿದಿದೆ ಎಂದು ಕೊಂಕು ತೆಗೆಯುತ್ತಾನೆ. ಹೊಗಳಿ ಮುಂದೆ ಹೋದವನಿಗೆ ಕೊಳ್ಳುವ ಇರಾದೆಯಿಲ್ಲ ಎಂದು ಎಲ್ಲರೂ ತಿಳಿಯುತ್ತಾರೆ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಹಾಗಾಗಿ ಕೊಂಕು ತೆಗೆದೆ.

"ಮಾರಾಟ ಹೆಚ್ಚಿದ್ದು ಚೂರು, ಗೋದಾಮಿನಲ್ಲಿ ಕೂತ ಪಂಪು ದುಪ್ಪಟ್ಟು. ಇವು ಯಾಕೆ ಹೋಗಲಿಲ್ಲ? ಕೆಟ್ಟಿವೆಯೇ?"

ಗೋದಾಮಿನವರು ಪೆನ್ನು ಕೆಳಗಿಟ್ಟರು. "ನೀವು ಕೆಲಸ ಕೇಳಲು ಬಂದಿದ್ದೀರೋ, ತನಿಖೆಗೋ?"

ಕೆಲಸ ಕೈಬಿಟ್ಟಿತು ಎಂದುಕೊಂಡೆ. ಟ್ರಂಕು ಕಟ್ಟುವುದು, ಸೊಲ್ಲಾಪುರದ ರೈಲು, ಅಲ್ಲಿಂದ ಆಳಂದದ ಬಸ್ಸು, ಬಸ್‌ ಸ್ಟ್ಯಾಂಡಿನಲ್ಲಿ ಕೂತವರ ಮುಖಗಳು, ಎಲ್ಲ ಕಣ್ಣಮುಂದೆ ಬಂದವು.

ಹಿರಿಯರು ಮಾತ್ರ ಕನ್ನಡಕ ಏರಿಸಿಕೊಂಡರು. "ಲಾಭ ಚೆನ್ನಾಗಿಯೇ ಇದೆಯಲ್ಲ? ಪಂಪು ಕಬ್ಬಿಣದ್ದು, ಕೂತರೆ ಕೊಳೆಯುವುದಿಲ್ಲ."

"ಇವನ್ನು ಸಾಲ ತಂದು ಮಾಡಿದ್ದೋ ಸರ್?"

"ಬ್ಯಾಂಕಿನದು."

"ಹಾಗಾದರೆ ಇವು ದಿನಾ ಬಡ್ಡಿ ತಿನ್ನುತ್ತಿವೆ. ನಮ್ಮಪ್ಪನ ಎತ್ತು ಒಂದು ಸಂತೆಯಲ್ಲಿ ಮಾರದೆ ತಿರುಗಿ ಬಂದರೆ ಮುಂದಿನ ಸಂತೆಯ ತನಕ ಜೋಳದ ಕಣಕಿ ಹಾಕಲೇಬೇಕು. ಊರವರ ಕಣ್ಣಿಗೆ ಕೊಟ್ಟಿಗೆ ತುಂಬಿದ ಸಾಹುಕಾರ. ಕಿಸೆಯಲ್ಲಿ ಚಹಾಕ್ಕೂ ಇರುವುದಿಲ್ಲ."

ಕಣಕಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ ಹುಲ್ಲು ಎಂದಿದ್ದೆ. ಹಿರಿಯರು ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನೀನು ಹೇಳಿದ್ದಕ್ಕೆ ವರ್ಕಿಂಗ್ ಕ್ಯಾಪಿಟಲ್ ಸಿಕ್ಕಿಬೀಳುವುದು ಎನ್ನುತ್ತಾರೆ ಎಂದರು. ಆ ಮೂರು ಸಾಲು ಎಂಟು ದಿನ ನನ್ನ ಬಾಯಲ್ಲಿತ್ತು. ಅದರೊಳಗೆ ನಮ್ಮಪ್ಪ ನಿಂತಿದ್ದು ಕಂಡಿರಲಿಲ್ಲ.

ಆರು ತಿಂಗಳು ಪರೀಕ್ಷೆಯ ಮೇಲೆ ತೆಗೆದುಕೊಳ್ಳುತ್ತೇವೆ, ಪತ್ರ ಎರಡು ಮೂರು ವಾರದಲ್ಲಿ ಅಂಚೆಯಲ್ಲಿ ಬರುತ್ತದೆ ಎಂದರು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

"ಬೇಕಾದರೆ ಪಗಾರದಲ್ಲಿ ನೂರು ರೂಪಾಯಿ ಇಳಿಸಿ ಸರ್. ಪತ್ರ ಇವತ್ತೇ ಬೇಕು. ಟೈಪು ನಾನೇ ಮಾಡುತ್ತೇನೆ."

ಮಾಡಿದೆ. ನನ್ನ ನೇಮಕದ ಪತ್ರವನ್ನು ನನ್ನ ಕೈಯಾರೆ ಟೈಪು ಮಾಡಿ, ಸಹಿಗೆ ಇಟ್ಟೆ. ನೂರು ರೂಪಾಯಿಯನ್ನು ನಿಜಕ್ಕೂ ಇಳಿಸಿದರು.

"ದಲಾಲನ ಮಗಳು ತನ್ನನ್ನ ತಾನೇ ಸೋವಿಗೆ ಮಾರ್ಕೊಂಡಾಳ್ರಿ," ಎಂದು ಆಪಾ ಇಡೀ ಹಾಸ್ಟೆಲ್ಲಿಗೆ ಸಾರಿದಳು. ಕೇಳಿದ್ದರೆ ದುಡ್ಡು ಇಳಿಸದೆಯೇ ಪತ್ರ ಕೊಡುತ್ತಿದ್ದರಂತೆ. ಮಗಳನ್ನೋ ಮಗನನ್ನೋ ಹೊರಗೆ ಕಳಿಸುವವರಿಗೆ ಹೇಳುತ್ತೇನೆ: ಮೊದಲು ಬಾಯಿಬಿಟ್ಟು ಕೇಳಲು ಕಲಿಸಿ, ಬಿಟ್ಟುಕೊಡುವುದು ಆಮೇಲೆ. ನಿಮ್ಮ ಮನೆಯ ಕಸುಬನ್ನೂ ಕಲಿಸಿ, ಅದು ಯಾವ ಪುಸ್ತಕದಲ್ಲಿ ಯಾವ ಹೆಸರಿನಿಂದ ಕೂತಿದೆಯೋ ಹೇಳಲಾಗದು.

ಮಂಚ ಉಳಿಯಿತು. ವರ್ಷದ ಮೇಲೆ ರಜೆ ಸಿಕ್ಕಿ ಊರಿಗೆ ಹೋದೆ. ಬಿಸಿ ರೊಟ್ಟಿ ಉಂಡ ಮೇಲೆ ಅವ್ವ ಟ್ರೆಜರಿ ಬೀರುವಿನ ತಳದಿಂದ ಹೊಸ ಕೌದಿ ತೆಗೆದು ಹಾಸಿದಳು. ಅದು ಬೀಗರು ಬಂದಾಗ ತೆಗೆಯುವ ಕೌದಿ.

"ಹಳೀದು ಹಾಸವ್ವ, ಸಾಕು."

"ಎರಡ ದಿನಕ್ಕ ಬಂದಾಕಿ ನೀನು. ಇರ್ಲಿ ಬಿಡು."

ಹೊಲಿಗೆ ಮಾಸದಂತೆ ಅಂಚಿಗೆ ಸರಿದು ಅಡ್ಡಾದೆ. ಮುಂಬಯಿಯಲ್ಲಿ ನನ್ನ ಮಂಚದ ಮೇಲೆ ಇಷ್ಟು ಹೊತ್ತಿಗೆ ಬೇರೆ ಯಾರಾದರೂ ಬಟ್ಟೆ ಒಣಹಾಕಿರಬಹುದೇ ಎಂದು ಯೋಚನೆ ಹತ್ತಿತು.